ಜಿಸಿಸಿ 14: ಎರಡು ಕಬ್ಬಿನ ಹಂಗಾಮು ಬಳಸಿದ ಮೇಲೆ

2022ರ ಡಿಸೆಂಬರ್. ಬೆಳಗಾವಿ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕಾಟಾ ಹತ್ತಿರ ನಿಂತಿದ್ದೆ. ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್‌ಗಳ ಸಾಲು ಗೇಟು ದಾಟಿ ರಸ್ತೆವರೆಗೂ ಬಂದಿತ್ತು. ವಯಸ್ಸಾದ ರೈತರೊಬ್ಬರು ತೂಕದ ಚೀಟಿ ತಂದು ನನ್ನ ಕೈಗಿಟ್ಟರು.

"ಸಾಹೇಬ್ರ, ನಾ ಬಸವರಾಜಪ್ಪ. ಇದರಾಗ ಬಸವರಾಜ ಅಂತ ಬಂದೈತ್ರಿ. ಬಸವರಾಜ ಅಂದ್ರ ನಮ್ಮ ಕಾಕಾನ ಮಗಾ. ಬಿಲ್ಲು ಅವನ ಖಾತೆಗೆ ಹೋದ್ರ ನಾ ಏನ್ ಮಾಡ್ಲಿ?"

ಚೀಟಿ ನೋಡಿದೆ. ‘ಬಸವರಾಜ’ ಆದಮೇಲೆ ಒಂದು ಕಪ್ಪು ಗುರುತು, ಅದರೊಳಗೆ ಪ್ರಶ್ನೆ ಚಿಹ್ನೆ. ಆ ಚೀಟಿ ಮುದ್ರಿಸಿದ ಪ್ರೋಗ್ರಾಂ ಬರೆದವನು ನಾನು.

ಬಿಲ್ಲು ಸರಿಯಾಗೇ ಹೋಯಿತು. ಪಾವತಿ ನಡೆಯುವುದು ರೈತರ ಕೋಡ್ ನಂಬರಿನ ಮೇಲೆ, ಹೆಸರಿನ ಮೇಲಲ್ಲ. ಇದನ್ನು ಅವರಿಗೆ ಎರಡು ಸಲ ಹೇಳಿದೆ. ಅವರು ತಲೆಯಾಡಿಸಿದರು, ಆದರೆ ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಲೇ ಹೋದರು. ವರ್ಷವಿಡೀ ಬೆಳೆದ ಕಬ್ಬಿಗೆ ಕೈಯಲ್ಲಿ ಸಿಗುವ ಮೊದಲ ಕಾಗದ ಅದು. ಅದರಲ್ಲಿ ಹೆಸರೇ ಅರ್ಧ ಇದ್ದರೆ ಯಾರಿಗೆ ನೆಮ್ಮದಿ ಇರುತ್ತದೆ, ಅಲ್ವಾ?

ನಾವು ಬರೆದ ಪ್ರೋಗ್ರಾಮನ್ನು ಯಂತ್ರ ಓಡಿಸುವ ರೂಪಕ್ಕೆ ತರುವ ಜಿಸಿಸಿ ಎಂಬ ಕಂಪೈಲರಿನ ಬಗ್ಗೆ ಬರೆಯುತ್ತೇನೆ ಅಂತ ಕೂತು ಕಬ್ಬಿನ ಕಾಟಾದಿಂದ ಶುರು ಮಾಡಿದ್ದಕ್ಕೆ ಕಾರಣ ಇದೆ. ಜಿಸಿಸಿಯ ಬಗ್ಗೆ ನನ್ನ ಸಿಟ್ಟು, ನನ್ನ ಖುಷಿ ಎರಡೂ ಆ ಹೆಸರಿಗೇ ಅಂಟಿಕೊಂಡಿವೆ.

ಉದ್ಯಮಬಾಗದಲ್ಲಿ ನನ್ನದೊಂದು ಸಣ್ಣ ಕೋಣೆ. ನಾನು ಮತ್ತು ಇಬ್ಬರು ಹುಡುಗರು. ಕಾಟಾಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಟ್ರ್ಯಾಕ್ಟರ್ ತಟ್ಟೆಯ ಮೇಲೆ ಬಂದು ನಿಂತರೆ ತೂಕ ಸೀರಿಯಲ್ ಕೇಬಲ್ ಮೂಲಕ ಕಂಪ್ಯೂಟರಿಗೆ ಬರುತ್ತದೆ. ಭರ್ತಿ ತೂಕ, ಖಾಲಿ ತೂಕ, ನಿವ್ವಳ ತೂಕ, ರೈತರ ಹೆಸರು, ಗಾಡಿ ನಂಬರ್. ಇಷ್ಟನ್ನು ಸಾದಾ ಅಕ್ಷರದ ಸಾಲುಗಳಾಗಿ ಜೋಡಿಸಿ ಪರದೆಗೂ ಪ್ರಿಂಟರಿಗೂ ಕಳಿಸುವುದು ನಮ್ಮ ಕೆಲಸ. ಎಲ್ಲ ಸಿ++ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಕಾರ್ಖಾನೆಯವರು ಕೊಡುವ ಕಂಪ್ಯೂಟರುಗಳು ಹಳೆಯವು. ಹಂಗಾಮು ಶುರುವಾದ ಮೇಲೆ ಅವುಗಳ ಮೇಲೆ ಏನನ್ನೂ ಬದಲಿಸಲು ಬಿಡುವುದಿಲ್ಲ. ಅದು ಸರಿಯಾದದ್ದೇ. ಕಾಟಾ ಅರ್ಧ ಗಂಟೆ ನಿಂತರೆ ಸಾಲು ಊರೊಳಗೆ ಬರುತ್ತದೆ.

ಹೆಸರು ಯಾಕೆ ಕತ್ತರಿಸಿತು ಅಂತ ಹೇಳಿಬಿಡುತ್ತೇನೆ. ಹೆಸರಿಗೆ 20ರ ಜಾಗ ಕೊಟ್ಟಿದ್ದೆ, ಸಾಲು ಜೋಡಿಸಿ ಮುದ್ರಿಸುವ ಹಳೆಯ ಪ್ರಿಂಟ್‌ಎಫ್ ಬಳಸಿ. ಪ್ರಿಂಟ್‌ಎಫ್ ಎಣಿಸುವುದು ಬೈಟುಗಳನ್ನು, ಅಂದರೆ ಕಂಪ್ಯೂಟರು ಮಾಹಿತಿ ಇಡುವ ಸಣ್ಣ ಘಟಕಗಳನ್ನು. ಇಂಗ್ಲಿಷ್ ಅಕ್ಷರ ಒಂದಕ್ಕೆ ಒಂದು ಬೈಟು. ಎಲ್ಲ ಲಿಪಿಗಳನ್ನೂ ಬೈಟುಗಳಲ್ಲಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು. ಬಸವರಾಜಪ್ಪ ಅಂದರೆ ಬ, ಸ, ವ, ರ, ಆ ಕಾರದ ಗುರುತು, ಜ, ಪ, ವಿರಾಮದ ಗುರುತು (ವ್ಯಂಜನದ ಸ್ವರ ತೆಗೆಯುವ ಚಿಹ್ನೆ), ಮತ್ತೆ ಪ. ಒಂಬತ್ತು ಸಂಕೇತ, 27 ಬೈಟು. 20ಕ್ಕೆ ಕತ್ತರಿ ಹಾಕಿದರೆ ‘ಜ’ವರೆಗೆ 18 ಮುಗಿಯುತ್ತದೆ. ಉಳಿದ ಎರಡು ಬೈಟು ‘ಪ’ದ ಮೂರರಲ್ಲಿ ಎರಡು. ಅರ್ಧ ಮುರಿದ ಆ ಅಕ್ಷರವೇ ಕಪ್ಪು ಗುರುತು. ಅಪ್ಪ ಹೋಗಿ ಅಣ್ತಮ್ಮ ಉಳಿದಿದ್ದು ಹೀಗೆ.

ಇದಕ್ಕೆ ಮದ್ದು ಸಿ++ ಭಾಷೆಯ 2020ರ ಆವೃತ್ತಿಯಾದ ಸಿ++20ರಲ್ಲಿ ಇದೆ ಅಂತ ನನಗೆ ಗೊತ್ತಿತ್ತು. ಎಸ್‌ಟಿಡಿ ಫಾರ್ಮ್ಯಾಟ್ ಎಂಬ, ಸಾಲು ಜೋಡಿಸುವ ಹೊಸ ಸೌಲಭ್ಯ. ವಿಕ್ಟರ್ ಜ್ವೆರೋವಿಚ್ ಅವರ ಎಫ್‌ಎಂಟಿ ಲೈಬ್ರರಿಯಿಂದ (ಸಿದ್ಧ ಕೋಡಿನ ಸಂಗ್ರಹದಿಂದ) ಬೆಳೆದು ಬಂದದ್ದು. ಸಿ++20ರ ನಿಯಮಪುಸ್ತಕ, ಅಂದರೆ ಸ್ಟ್ಯಾಂಡರ್ಡ್, ಪ್ರಕಟವಾದದ್ದು 2020ರ ಡಿಸೆಂಬರಿನಲ್ಲಿ. ವಿಂಡೋಸ್ ಕಡೆಯ ಕಂಪೈಲರಿನಲ್ಲಿ ಅದು 2021ಕ್ಕೇ ಸಿಕ್ಕಿತು. ನಾವು ಲಿನಕ್ಸ್‌ನವರು. ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಯ 22.04 ಆವೃತ್ತಿಯ ಜೊತೆ ಬರುವುದು ಜಿಸಿಸಿ 11. ಅದರಲ್ಲಿ ಫಾರ್ಮ್ಯಾಟ್ ಹೆಡರ್ ಹಾಕಿದರೆ ಅಂಥ ಫೈಲೇ ಇಲ್ಲ ಅನ್ನುತ್ತದೆ. ಜಿಸಿಸಿ 12ರಲ್ಲೂ ಇಲ್ಲ. ಸ್ಟ್ಯಾಂಡರ್ಡ್ ಬಂದು ಎರಡು ವರ್ಷ ಆಗಿತ್ತು, ನಾನು ಚೀಟಿ ಹಿಡಿದು ನಿಂತಿದ್ದೆ.

ನಡುವೆ ಕ್ಲ್ಯಾಂಗ್ ಎಂಬ ಬೇರೆ ಕಂಪೈಲರ್ ಹಾಕಿ ನೋಡಿದೆ. ಹೊಸ ಕ್ಲ್ಯಾಂಗ್ ಹಾಕಿದರೆ ಹೊಸದೆಲ್ಲ ಬರುತ್ತದೆ ಅಂದುಕೊಂಡಿದ್ದೆ. ಭಾಷೆಯ ಹೊಸ ಮಾತುಗಳು ಅದಕ್ಕೆ ಅರ್ಥವಾದವು, ಫಾರ್ಮ್ಯಾಟ್ ಮಾತ್ರ ಸಿಗಲಿಲ್ಲ. ಲಿನಕ್ಸ್‌ನಲ್ಲಿ ಕ್ಲ್ಯಾಂಗ್ ಸುಮ್ನೆ ಬಿಟ್ಟರೆ ಜಿಸಿಸಿಯದೇ ಸ್ಟ್ಯಾಂಡರ್ಡ್ ಲೈಬ್ರರಿ ಬಳಸುತ್ತದೆ. ನನ್ನ ಯಂತ್ರದಲ್ಲಿದ್ದ ಆ ಲೈಬ್ರರಿ ಹಳೆಯದು. ಕಂಪೈಲರ್ ಬೇರೆ, ಲೈಬ್ರರಿ ಬೇರೆ ಅನ್ನುವ ಪಾಠ ನನಗೆ ಹತ್ತಿದ್ದು ಅವತ್ತು. ಹೊಸದಾಗಿ ಕಲಿಯುವ ಹುಡುಗರಿಗೆ ಇದನ್ನು ಯಾರೂ ಹೇಳುವುದಿಲ್ಲ. ಅವರು ಕ್ಲ್ಯಾಂಗ್ ಕೆಟ್ಟದು ಅಂತ ಬಿಟ್ಟುಬಿಡುತ್ತಾರೆ.

2023ರ ಏಪ್ರಿಲ್‌ನಲ್ಲಿ ಜಿಸಿಸಿ 13 ಬಂತು. ಯಾವ ಸೌಲಭ್ಯ ಯಾವ ಕಂಪೈಲರಿನಲ್ಲಿ ಬಂದಿದೆ ಎಂದು ತೋರಿಸುವ ಪಟ್ಟಿಗಳಲ್ಲಿ ಫಾರ್ಮ್ಯಾಟ್‌ನ ಮನೆ ಹಸಿರಾಯಿತು. ನನಗೆ ಆದ ಖುಷಿ ಹೇಳತೀರದು. ಅವತ್ತೇ ಪ್ರಿಂಟ್‌ಎಫ್ ಸಾಲುಗಳನ್ನೆಲ್ಲ ತೆಗೆದು ಹೊಸದಾಗಿ ಬರೆದೆ. ಬಸವರಾಜಪ್ಪ ಅಂತ ಟೈಪ್ ಮಾಡಿ ಓಡಿಸಿದೆ.

ಬಸವರಾಜ, ಕಪ್ಪು ಗುರುತು.

ಮತ್ತೆ ಓಡಿಸಿದೆ. ಅದೇ. ಜಿಸಿಸಿ 13ರ ಫಾರ್ಮ್ಯಾಟ್ ಕೂಡ ಬೈಟು ಎಣಿಸುತ್ತಿತ್ತು. ಸ್ಟ್ಯಾಂಡರ್ಡ್ ಹೇಳುವುದು ಕಣ್ಣಿಗೆ ಕಾಣುವ ಅಗಲವನ್ನು ಅಂದಾಜು ಮಾಡಿ ಎಣಿಸಬೇಕು ಅಂತ. ಆ ಭಾಗ ಇನ್ನೂ ಆಗಿರಲಿಲ್ಲ. ಇಂಗ್ಲಿಷ್ ಹೆಸರು ಬರೆಯುವವರಿಗೆ ಏನೂ ವ್ಯತ್ಯಾಸ ಇಲ್ಲ. ಅವರಿಗೆ ಹಸಿರು ನಿಜವಾದ ಹಸಿರು. ನಮಗೆ ಮಾತ್ರ ಆ ಹಸಿರು ಕಾಯಿ, ಹಣ್ಣಾಗಿರಲಿಲ್ಲ. ಆ ಸಂಜೆ ಬಹಳ ಬೇಜಾರಾಯಿತು. ಸುಮಾರು ಹೊತ್ತು ಕೋಣೆಯ ಹೊರಗೆ ಕಟ್ಟೆಯ ಮೇಲೆ ಕೂತಿದ್ದೆ.

ಆ ವರ್ಷದ ಹಂಗಾಮನ್ನು ಎಫ್‌ಎಂಟಿ ಲೈಬ್ರರಿ ಹಾಕಿಕೊಂಡು ದಾಟಿಸಿದೆ. ಅದು ಒಳ್ಳೆಯ ಲೈಬ್ರರಿ, ಮಾತೇ ಇಲ್ಲ. ಅದು ಬೈಟಿನ ಬದಲು ಸಂಕೇತಗಳನ್ನು ಎಣಿಸುತ್ತದೆ. ಆದ್ದರಿಂದ ಅಕ್ಷರ ಮುರಿಯಲಿಲ್ಲ, ಕಪ್ಪು ಗುರುತು ಹೋಯಿತು. ಆದರೆ ಕೊಂಬು, ದೀರ್ಘ, ವಿರಾಮ ಎಲ್ಲಕ್ಕೂ ಒಂದೊಂದು ಜಾಗ ಲೆಕ್ಕ ಹಾಕುತ್ತದೆ. ಆದ್ದರಿಂದ ತೂಕದ ಕಾಲಂ ಒಂದು ಸಾಲಿನಲ್ಲಿ ಒಳಗೆ, ಇನ್ನೊಂದರಲ್ಲಿ ಹೊರಗೆ. ಕಾಟಾ ಮೇಲಿನ ಹುಡುಗ ಪರದೆಯ ಮೇಲೆ ಬೆರಳಿಟ್ಟು ಓದುತ್ತಿದ್ದ.

2024ರ ಮೇ ತಿಂಗಳಲ್ಲಿ ಜಿಸಿಸಿ 14 ಬಂತು. ಈ ಸಲ ನಾನು ಪಟ್ಟಿ ನೋಡಲಿಲ್ಲ. ಬೆಳಿಗ್ಗೆ ಚಹಾ ಹಿಡಿದುಕೊಂಡು ಕಂಪೈಲರ್ ಎಕ್ಸ್‌ಪ್ಲೋರರ್ ತೆರೆದೆ. ಮ್ಯಾಟ್ ಗಾಡ್‌ಬೋಲ್ಟ್ 2012ರಲ್ಲಿ ಶುರು ಮಾಡಿದ ಆ ತಾಣ ಗೊತ್ತಿಲ್ಲದವರು ಇವತ್ತೇ ನೋಡಿ. ಏನೂ ಇನ್‌ಸ್ಟಾಲ್ ಮಾಡದೆ ಒಂದೇ ಪ್ರೋಗ್ರಾಮನ್ನು ಹಲವು ಕಂಪೈಲರುಗಳಲ್ಲಿ ಅಕ್ಕಪಕ್ಕ ಓಡಿಸಬಹುದು. ಎಡಕ್ಕೆ 13, ಬಲಕ್ಕೆ 14 ಇಟ್ಟೆ. ಹೆಸರು ಹಾಕಿದೆ, 20ರ ಜಾಗ ಕೊಟ್ಟೆ, ಕೊನೆಗೆ ಒಂದು ಗೀಟು.

ಎಡಗಡೆ ಮುರಿದ ಅಕ್ಷರ. ಬಲಗಡೆ ಬಸವರಾಜಪ್ಪ, ಪೂರ್ತಿ. ಆಮೇಲೆ ಹದಿಮೂರು ಖಾಲಿ ಜಾಗ, ಗೀಟು.

ಚಹಾ ಆರಿಹೋಗಿತ್ತು. ಒಳಗಿನಿಂದ ಹೆಂಡತಿಯನ್ನು ಕರೆದು ತೋರಿಸಿದೆ. "ಹೆಸರು ಬಂತಲ್ಲ" ಅಂದಳು. ಅವಳಿಗೆ ಆ ಚೀಟಿಯ ಕಥೆ ಗೊತ್ತಿತ್ತು.

ಆ ಒಂದು ಹೆಸರಿನ ಲೆಕ್ಕವನ್ನು ಇಲ್ಲಿ ಇಡುತ್ತೇನೆ. ಕನ್ನಡದಲ್ಲಿ ಪ್ರೋಗ್ರಾಂ ಮಾಡುವವರಿಗೆ ಇದು ಬೇಕಾಗುತ್ತದೆ. ಬಸವರಾಜಪ್ಪ: ಪ್ರಿಂಟ್‌ಎಫ್‌ಗೆ 27. ನಾನು ಬಳಸುತ್ತಿದ್ದ ಎಫ್‌ಎಂಟಿಗೆ 9. ಜಿಸಿಸಿ 14ಕ್ಕೆ 7. ನನಗೂ ನಿಮಗೂ ಓದುವಾಗ 6. ಅದು ಆರಕ್ಕೆ ಬಂದಿಲ್ಲ ಎನ್ನುವುದು ಗಮನದಲ್ಲಿರಲಿ, ಅಲ್ಲಿಗೆ ಆಮೇಲೆ ಬರುತ್ತೇನೆ. ಕನ್ನಡದ ಫಾಂಟಿನಲ್ಲಿ ಒಂದೊಂದು ಅಕ್ಷರದ ಅಗಲ ಒಂದೊಂದು ರೀತಿ ಇರುತ್ತದೆ. ಹಾಗಾಗಿ ಯಾವ ಎಣಿಕೆಯೂ ಕಾಲಂಗಳನ್ನು ಗೆರೆ ಎಳೆದ ಹಾಗೆ ನಿಲ್ಲಿಸಲಾರದು. ಆದರೆ 27 ಅಂತ ಎಣಿಸುವುದಕ್ಕೂ 7 ಅಂತ ಎಣಿಸುವುದಕ್ಕೂ ಇರುವ ಅಂತರ ಪರದೆಯ ಮೇಲೆ ಕಣ್ಣಿಗೆ ಹೊಡೆಯುತ್ತದೆ. ಕಾಟಾ ಹುಡುಗ ಈಗ ಬೆರಳಿಡುವುದಿಲ್ಲ.

ಇನ್ನು ಅದನ್ನು ಕಾರ್ಖಾನೆಯ ಕಂಪ್ಯೂಟರಿಗೆ ಮುಟ್ಟಿಸಬೇಕಲ್ಲ. ಅಲ್ಲಿ ಇರುವುದು ಉಬುಂಟು 22.04. ಹೊಸ ಲ್ಯಾಪ್‌ಟಾಪಿನಲ್ಲಿ 24.04 ಹಾಕಿ ಅಲ್ಲಿ ಬಿಲ್ಡ್ ಮಾಡಿ (ಓಡುವ ಫೈಲು ಕಟ್ಟಿ) ಒಯ್ದರೆ ಓಡುವುದಿಲ್ಲ. ಅಡಿಪಾಯದ ಸಿ ಲೈಬ್ರರಿಯೇ ಅಲ್ಲಿ ಹಳೆಯದು, 2.35. ಆದ್ದರಿಂದ 22.04 ಇರುವ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲೇ ಜಿಸಿಸಿ 14 ಅನ್ನು ಮೂಲ ಕೋಡಿನಿಂದ ಕಟ್ಟಬೇಕಾಯಿತು. ಸೆಕೆಂಡ್ ಹ್ಯಾಂಡ್ ಯಂತ್ರ, 8 ಜಿಬಿ ಮೆಮೊರಿ. ಹೊಸದು ಕೊಳ್ಳುವಷ್ಟು ಆ ತಿಂಗಳು ಕೈಯಲ್ಲಿ ಇರಲಿಲ್ಲ.

ಜೂನ್ ಕೊನೆ. ಬೆಳಗಾವಿ ಮಳೆ ಗೊತ್ತಲ್ಲ, ಹಿಡಿದರೆ ಬಿಡುವುದಿಲ್ಲ. ಮೊದಲ ದಿನ ಎಂಟು ಕೆಲಸ ಒಟ್ಟಿಗೆ ಬಿಟ್ಟೆ, ಮೆಮೊರಿ ಸಾಲದೆ ನಡುವೆಯೇ ಸತ್ತಿತು. ಎರಡನೆಯ ದಿನ ನಾಲ್ಕು. ಮುಕ್ಕಾಲು ಭಾಗ ಆಗಿತ್ತು, ಕರೆಂಟು ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಇಪ್ಪತ್ತು ನಿಮಿಷದ್ದು. ಮೂರನೆಯ ರಾತ್ರಿ ಯುಪಿಎಸ್‌ಗೆ ಹಾಕಿ, ಎರಡೇ ಕೆಲಸ ಬಿಟ್ಟು, ತಾನೇ ತನ್ನನ್ನು ಮೂರು ಸಲ ಕಟ್ಟಿಕೊಳ್ಳುವ ಬೂಟ್‌ಸ್ಟ್ರ್ಯಾಪ್ ಹಂತವನ್ನು ಬಂದ್ ಮಾಡಿ, ಸಿ ಮತ್ತು ಸಿ++ ಎರಡೇ ಭಾಷೆ ಆರಿಸಿ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಮುಗಿದಿತ್ತು. ಪರದೆಯ ಮೇಲೆ ಕರ್ಸರ್ ಸುಮ್ನೆ ಮಿನುಗುತ್ತಿತ್ತು. ಹೊರಗೆ ಮಳೆ ಹಾಗೇ ಇತ್ತು.

ನಿಮ್ಮ ಹತ್ತಿರವೂ ಸಣ್ಣ ಯಂತ್ರ ಇದ್ದರೆ ಇದೇ ದಾರಿ ಹಿಡಿಯಿರಿ. ಬೇಕಾದ ಪೂರಕ ಲೈಬ್ರರಿಗಳನ್ನು ಇಳಿಸಿಕೊಡುವ ಸ್ಕ್ರಿಪ್ಟು ಮೂಲ ಕೋಡಿನ ಜೊತೆಯೇ ಬರುತ್ತದೆ, ಹುಡುಕಾಡಬೇಕಿಲ್ಲ. ಕಟ್ಟಿದ್ದನ್ನು ಬೇರೆಯೇ ಫೋಲ್ಡರಿನಲ್ಲಿ ಇಡಿ. ವ್ಯವಸ್ಥೆಯ ಜಿಸಿಸಿಯನ್ನು ಮುಟ್ಟಬೇಡಿ.

ಆಮೇಲೆ ಒಂದು ಎಡವಟ್ಟು ಕಾದಿತ್ತು. ಕಾರ್ಖಾನೆಯ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಶುರುವೇ ಆಗಲಿಲ್ಲ. ಜಿಎಲ್‌ಐಬಿಸಿಎಕ್ಸ್‌ಎಕ್ಸ್ 3.4.32 ಸಿಗಲಿಲ್ಲ ಎಂಬ ಸಾಲು. ಅದು ಸಿ++ ಸ್ಟ್ಯಾಂಡರ್ಡ್ ಲೈಬ್ರರಿಯ ಆವೃತ್ತಿಯ ಗುರುತು. ಅಲ್ಲಿನ ಸ್ಟ್ಯಾಂಡರ್ಡ್ ಲೈಬ್ರರಿ 3.4.30ಕ್ಕೇ ನಿಂತಿದೆ. ಕಟ್ಟಿದ ಕಡೆ ಸಪೋರ್ಟ್ ಇದ್ದರೆ ಸಾಲದು, ಓಡುವ ಕಡೆಯೂ ಇರಬೇಕು. ಅದೃಷ್ಟಕ್ಕೆ ಇದರ ಮದ್ದು ಸುಲಭ. ಲಿಂಕ್ ಮಾಡುವಾಗ ಸಿ++ ಲೈಬ್ರರಿಯನ್ನು ಪ್ರೋಗ್ರಾಮಿನ ಹೊಟ್ಟೆಯೊಳಗೇ ಸೇರಿಸುವ ಸ್ಟ್ಯಾಟಿಕ್ ಆಯ್ಕೆ ಕೊಟ್ಟೆ. ಫೈಲು ಸ್ವಲ್ಪ ದಪ್ಪ ಆಯಿತು, ಅಷ್ಟೇ. ಹೀಗೆ ಸೇರಿಸಿದರೆ ನಮ್ಮ ಕೋಡನ್ನೂ ಬಿಟ್ಟುಕೊಡಬೇಕಾಗುತ್ತದಾ ಅಂತ ಕೆಲವರು ಹೆದರುತ್ತಾರೆ. ಜಿಸಿಸಿಯ ಲೈಸೆನ್ಸಿನಲ್ಲಿ ರನ್‌ಟೈಮ್ ಲೈಬ್ರರಿಗೆ ಇದಕ್ಕೆಂದೇ ವಿನಾಯಿತಿ ಇದೆ. ಮಾರುವ ಸಾಫ್ಟ್‌ವೇರಿಗೂ ನಡೆಯುತ್ತದೆ.

ಅಲ್ಲಿಂದ ಎರಡು ಹಂಗಾಮು ದಾಟಿವೆ. ಈಗ ನನ್ನ ಬೆಳಗಿನ ಕ್ರಮ ಹೀಗಿದೆ. ಹೆಸರುಗಳ ಒಂದು ಫೈಲು ಇಟ್ಟುಕೊಂಡಿದ್ದೇನೆ, ನಲವತ್ತು ಹೆಸರು. ಬಸವರಾಜಪ್ಪ ಮೊದಲು. ಆಮೇಲೆ ಮಲ್ಲಿಕಾರ್ಜುನ, ಯಲ್ಲವ್ವ, ಸಿದ್ರಾಮಪ್ಪ, ಲಕ್ಷ್ಮವ್ವ, ಹೀಗೆ ಒತ್ತಕ್ಷರ ಇರುವವೇ ಜಾಸ್ತಿ. ಕೋಣೆಯ ಬಾಗಿಲು ತೆಗೆದು ಊದುಬತ್ತಿ ಹಚ್ಚಿ ಮೊದಲು ಬಿಲ್ಡ್ ಬಿಡುತ್ತೇನೆ. ಎದುರಿನ ಗಾಡಿಯಿಂದ ಚಹಾ ಬರುವಷ್ಟರಲ್ಲಿ ಮುಗಿದಿರುತ್ತದೆ. ಪಕ್ಕದ ವರ್ಕ್‌ಶಾಪಿನ ಲೇತ್ ಶುರುವಾಗುವ ಮೊದಲು ಒಂದು ಹತ್ತು ನಿಮಿಷ ಬೀದಿ ಶಾಂತವಾಗಿರುತ್ತದೆ. ಆ ಹತ್ತು ನಿಮಿಷ ನಲವತ್ತು ಹೆಸರು ಪರದೆಯ ಮೇಲೆ ಸಾಲಾಗಿ ಇಳಿಯುವುದನ್ನು ನೋಡುತ್ತೇನೆ. ಒಂದೊಂದನ್ನೂ ಓದುತ್ತೇನೆ. ಟೆಸ್ಟ್ ಪಾಸಾಯಿತು ಅಂತ ಯಂತ್ರ ಹೇಳಿದರೂ ಓದುತ್ತೇನೆ.

ಉಳಿದ ಹೊಸ ಸೌಲಭ್ಯಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಸಿ++23ರ ಎಕ್ಸ್‌ಪೆಕ್ಟೆಡ್ ಬಹಳ ಇಷ್ಟವಾಯಿತು. ಸೀರಿಯಲ್ ಪೋರ್ಟಿನಿಂದ ತೂಕ ಬಂದರೆ ತೂಕ, ಬರದಿದ್ದರೆ ಯಾಕೆ ಬರಲಿಲ್ಲ ಎಂಬ ಕಾರಣ, ಎರಡೂ ಒಂದೇ ಕೈಯಲ್ಲಿ. ಮೊದಲು ದೋಷಕ್ಕೆ ಸೊನ್ನೆ ವಾಪಸ್ ಕೊಡುತ್ತಿದ್ದೆ. ಕಾಟಾದಲ್ಲಿ ಸೊನ್ನೆ ಅಂದರೆ ಅದೂ ಒಂದು ತೂಕವೇ ಅಲ್ವಾ! ಇದು ಜಿಸಿಸಿ 12ರಿಂದಲೇ ಇದೆ. ಫಾರ್ಮ್ಯಾಟ್‌ನಲ್ಲಿ ಇನ್ನೊಂದು ಒಳ್ಳೆಯದು ಅಂದರೆ ಅಕ್ಷರ ಇರುವ ಕಡೆ ಅಂಕಿಯ ಗುರುತು ಹಾಕಿದರೆ ಕಂಪೈಲ್ ಆಗುವಾಗಲೇ ನಿಲ್ಲಿಸುತ್ತದೆ. ಆದರೆ ಆಗ ಬರುವ ದೋಷದ ಸಂದೇಶ ಗಂಟುಗಂಟಾಗಿರುತ್ತದೆ, ನನ್ನ ಹುಡುಗರು ಈಗಲೂ ಅದನ್ನು ನೋಡಿ ನನ್ನನ್ನು ಕರೆಯುತ್ತಾರೆ. ಮಾಡ್ಯೂಲ್‌ಗಳ ಕಡೆ ನಾನು ಹೋಗಿಲ್ಲ. ಇಡೀ ಸ್ಟ್ಯಾಂಡರ್ಡ್ ಲೈಬ್ರರಿಯನ್ನು ಒಂದೇ ಸಾಲಿನಲ್ಲಿ ಇಂಪೋರ್ಟ್ ಮಾಡುವುದು 2025ರ ಜಿಸಿಸಿ 15ರಲ್ಲಿ ಬಂದಿದೆ, ಅದೂ ಪ್ರಯೋಗದ ಹಂತದಲ್ಲಿ. ಕಾಟಾದ ಮೇಲೆ ಪ್ರಯೋಗ ಬೇಡ. ಒಂದು ಕಿರಿಕಿರಿ: ಇಷ್ಟಾದರೂ 14 ತಾನಾಗಿ ಕಂಪೈಲ್ ಮಾಡುವುದು ಸಿ++17 ಲೆಕ್ಕದಲ್ಲೇ. ಹೊಸ ಸ್ಟ್ಯಾಂಡರ್ಡ್ ಬೇಕು ಅಂತ ಪ್ರತಿ ಸಲ ಬಾಯಿಬಿಟ್ಟು ಹೇಳಬೇಕು. ಮರೆತರೆ ಫಾರ್ಮ್ಯಾಟ್ ಇಲ್ಲ ಅನ್ನುತ್ತದೆ, ನೀವು ಅರ್ಧ ಗಂಟೆ ಬೇರೆಲ್ಲೋ ಹುಡುಕುತ್ತೀರಿ.

ಈಗ ಏಳು ಮತ್ತು ಆರರ ವಿಷಯ. ಜಿಸಿಸಿ 14 ಅಕ್ಷರಗಳನ್ನು ಜಗತ್ತಿನ ಲಿಪಿಗಳಿಗೆ ಸಂಕೇತ ಕೊಡುವ ಯೂನಿಕೋಡ್ ವ್ಯವಸ್ಥೆಯ 15.1 ಆವೃತ್ತಿಯ ನಿಯಮದಂತೆ ಗುಂಪು ಮಾಡುತ್ತದೆ. ‘ರಾ’ ಒಂದು ಗುಂಪು, ಸರಿ. ಆದರೆ ‘ಪ್ಪ’ವನ್ನು ‘ಪ್’ ಮತ್ತು ‘ಪ’ ಅಂತ ಎರಡು ಮಾಡುತ್ತದೆ. ಒತ್ತಕ್ಷರವನ್ನು ಒಂದೇ ಗುಂಪಾಗಿ ಹಿಡಿಯುವ ನಿಯಮ 15.1ರಲ್ಲಿ ಹೊಸದಾಗಿ ಬಂತು. ದೇವನಾಗರಿಗೆ ಇದೆ, ತೆಲುಗಿಗೆ ಇದೆ, ಮಲಯಾಳಂಗೆ ಇದೆ. ಕನ್ನಡ ಆ ಪಟ್ಟಿಯಲ್ಲಿಲ್ಲ.

ಇದು ನನಗೆ ಗೊತ್ತಾದದ್ದು ನಮ್ಮೂರಿನ ಕಾರಣದಿಂದಲೇ. ಗಡಿ ಭಾಗದ ಕೆಲವು ರೈತರ ಹೆಸರು ನಮ್ಮ ಕಡತದಲ್ಲಿ ದೇವನಾಗರಿಯಲ್ಲಿದೆ. ಅಣ್ಣಾಸಾಹೇಬ ಎಂಬ ಒಂದೇ ಹೆಸರು ಎರಡೂ ಲಿಪಿಯಲ್ಲಿತ್ತು. ದೇವನಾಗರಿಯ ಸಾಲಿನಲ್ಲಿ ಬಂದ ಎಣಿಕೆಗಿಂತ ಕನ್ನಡದ ಸಾಲಿನಲ್ಲಿ ಒಂದು ಜಾಸ್ತಿ. ಮೊದಲು ನನ್ನ ಟೈಪಿಂಗ್ ತಪ್ಪು ಅಂದುಕೊಂಡೆ. ಒಂದೊಂದೇ ಸಂಕೇತ ಬಿಡಿಸಿ ನೋಡಿದಾಗ ‘ಣ್ಣಾ’ ಅಲ್ಲಿ ಒಂದು, ಇಲ್ಲಿ ಎರಡು. ತಪ್ಪು ಜಿಸಿಸಿಯದ್ದಲ್ಲ. ಅದು ನಿಯಮವನ್ನು ಇದ್ದಂತೆ ಪಾಲಿಸಿದೆ. ಇದನ್ನು ಕಂಡ ಮೇಲೆ ಕಂಪೈಲರ್ ಬರೆಯುವವರ ಮೇಲೆ ಇದ್ದ ನನ್ನ ಸಿಟ್ಟು ಬಹಳ ಇಳಿಯಿತು. ಫಾರ್ಮ್ಯಾಟ್ ಅನ್ನೋ ಒಂದು ಮಾತಿನ ಹಿಂದೆ ಜಗತ್ತಿನ ಅಷ್ಟೂ ಲಿಪಿಗಳ ಲೆಕ್ಕ ಇದೆ. ಅದಕ್ಕೆ ಮೂರು ವರ್ಷ ಹಿಡಿದರೆ ಹಿಡಿಯಲಿ ಅನ್ನಿಸಿತು.

ಆದರೆ ಕೆಲಸ ನಡೆಯಬೇಕಲ್ಲ. ಉದ್ದದ ಹೆಸರು, ತಂದೆಯ ಹೆಸರು ಸೇರಿ 20ನ್ನು ದಾಟಿದರೆ ‘ಪ್’ಗೆ ಕತ್ತರಿ ಬೀಳುವ ಸಾಧ್ಯತೆ ಇದ್ದೇ ಇದೆ. ಕಪ್ಪು ಗುರುತು ಬರುವುದಿಲ್ಲ, ಆದರೆ ಹೆಸರು ಉಸಿರು ಕಟ್ಟಿದಂತೆ ನಿಲ್ಲುತ್ತದೆ. ಅದಕ್ಕೆ ಹದಿನೈದು ಸಾಲಿನ ಸಣ್ಣ ಫಂಕ್ಷನ್ ಬರೆದುಕೊಂಡಿದ್ದೇನೆ. ಕತ್ತರಿಸಿದ ಕೊನೆಯಲ್ಲಿ ವಿರಾಮದ ಗುರುತು ಇದ್ದು, ಮುಂದೆ ವ್ಯಂಜನ ಇದ್ದರೆ ಆ ಅಕ್ಷರವನ್ನೂ ಜೊತೆಗೆ ತೆಗೆದುಕೊಳ್ಳುತ್ತದೆ. ಚೀಟಿಯಲ್ಲಿ ಒಂದು ಜಾಗ ಜಾಸ್ತಿ ಹೋಗುತ್ತದೆ, ಹೋಗಲಿ.

ಯಾರು ತೆಗೆದುಕೊಳ್ಳಬೇಕು? ಬರೀ ಇಂಗ್ಲಿಷ್ ಅಕ್ಷರ, ಅಂಕಿ ಮುದ್ರಿಸುವವರಿಗೆ ಉಬುಂಟು 24.04ರ ಜೊತೆ ಬರುವ ಜಿಸಿಸಿ 13 ಸಾಕು, ನನ್ನ ಹಾಗೆ ರಾತ್ರಿ ಕಾಯಬೇಡಿ. ಕನ್ನಡದಲ್ಲಿ ಕಾಲಂ ಹಾಕುವವರು 14ಕ್ಕಿಂತ ಕೆಳಗೆ ಇಳಿಯಬೇಡಿ. ಹೊಸ ಯಂತ್ರ ಹಾಕುವ ಅವಕಾಶ ಇದ್ದರೆ ಡೆಬಿಯನ್ 13 ಎಂಬ ಲಿನಕ್ಸ್ ಹಾಕಿ, ಅದರಲ್ಲಿ 14 ತಾನಾಗೇ ಇದೆ, ಕಟ್ಟುವ ಕೆಲಸವೇ ಇಲ್ಲ. ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇನೆ. ಜಿಸಿಸಿ 13ಕ್ಕೆ ಅವತ್ತು ಕೇಳಿದ್ದರೆ ಎರಡು ಕೊಡುತ್ತಿದ್ದೆ.

ಕಳೆದ ಹಂಗಾಮಿನಲ್ಲಿ ಅದೇ ಕಾರ್ಖಾನೆಗೆ ಹೋಗಿದ್ದೆ. ಆ ಹಿರಿಯರು ಸಾಲಿನಲ್ಲಿ ಕಂಡರು, ಟ್ರ್ಯಾಕ್ಟರ್ ಮಗ ಓಡಿಸುತ್ತಿದ್ದ. ತೂಕ ಆದಮೇಲೆ ಚೀಟಿಯನ್ನು ನಾನೇ ಹರಿದು ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಓದಿದರು. ನಿವ್ವಳ ತೂಕವನ್ನು ಎರಡು ಸಲ ಓದಿ ಅಂಗಿಯ ಜೇಬಿಗೆ ಹಾಕಿಕೊಂಡು ಹೋದರು. ಹೆಸರಿನ ಬಗ್ಗೆ ಏನೂ ಕೇಳಲಿಲ್ಲ.